ಚಿಟ್ಟೆ ಗುರುತಿಸಿದ ಗಿಡ

ನಿಂತ ನೀರಲ್ಲೇ ಸೊಂಪಾಗುವ ಕೆಸು ಬೆಳೆಸಿ ಹೆಸರಾದ ಬಿಂದಿಗೆಯೊಂದು, ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಿಡಕ್ಕೂ ದಿನವೂ ಬುಡ ಮುಳುಗುವಷ್ಟು ನೀರು ಸುರಿಯುತ್ತಿತ್ತು. ಗಿಡದ ಎಲೆ ಹಳದಿಯಾಯಿತು, ಬೇರು ಕೊಳೆಯತೊಡಗಿತು.

“ಸಾಕು ಬಿಂದಿಗೆಮ್ಮ, ಸತ್ತೇ ಹೋಗುತ್ತೇನೆ,” ಎಂದಿತು ಗಿಡ.

“ಅಷ್ಟು ಕೆಸು ಸಾಕಿದವಳು ನಾನು, ನನಗೇ ಪಾಠವೇ? ಕುಡಿ, ಮಗು!”

ಅಷ್ಟರಲ್ಲಿ ಚಿಟ್ಟೆಯೊಂದು ಬಂದು ಎಲೆಯ ಮೇಲೆ ಕಾಲೂರಿ ರುಚಿ ನೋಡಿತು. “ಅಮ್ಮಾ, ಇದು ನಿಂಬೆ, ನನ್ನ ತವರು; ಹುಳುವಾಗಿದ್ದಾಗ ನಿಂಬೆ ಎಲೆ ತಿಂದೇ ಬೆಳೆದವಳು ನಾನು. ಬುಡದಲ್ಲಿ ನೀರು ನಿಂತರೆ ಉಳಿಯದು. ಮಣ್ಣು ಒಣಗಿದ ಮೇಲೆ ಹಾಕಿ.”

ಬಿಂದಿಗೆ ಗೊಣಗುತ್ತಲೇ ನೀರು ಕಡಿಮೆ ಮಾಡಿತು. ಗಿಡ ಚಿಗುರಿತು. ಚಿಟ್ಟೆ ಆ ಚಿಗುರಿನ ಮೇಲೇ ಮೊಟ್ಟೆಯಿಟ್ಟಿತು.

“ನೋಡಿದೆಯಾ? ಇವಳ ಮಕ್ಕಳು ನಿನ್ನನ್ನೇ ಮೇಯುತ್ತವೆ!” ಎಂದು ಬಿಂದಿಗೆ ನಕ್ಕಿತು.

“ಮೇಯಲಿ ಬಿಡಿ,” ಎಂದಿತು ಗಿಡ ನೆಮ್ಮದಿಯಿಂದ. “ನಾನು ಯಾರೆಂದು ತಿಳಿದು ನಾಲ್ಕೆಲೆ ತಿನ್ನುವವರನ್ನು ತಾಳಿಕೊಳ್ಳಬಹುದು, ತಿಳಿಯದೆ ಪ್ರೀತಿಸುವವರನ್ನು ತಾಳುವುದೇ ಕಷ್ಟ.”