ಬಾಗಿಲಜ್ಜಿಯ ಹುಣಸೆಬೀಜ

"ಗುರುಗಳೇ, ಹಳೆಯದನ್ನು ನಿಲ್ಲಿಸುವ ದಿನ ಬಂತು ಎಂದು ತಿಳಿಯುವುದು ಹೇಗೆ?" ಎಂದು ಇಂದುಧರ ಕೇಳಿದ.

ಅವನು ಆಸ್ಪತ್ರೆಗಳಿಗೆ ಔಷಧಿ ಕಳಿಸುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ. ಯಾವ ಊರಿಗೆ ಯಾವ ಔಷಧಿ ಎಷ್ಟು ಬೇಕು ಎಂದು ವರದಿ ಕೊಡುವ ಸಾಫ್ಟ್‌ವೇರ್ ಹದಿನೈದು ವರ್ಷ ಹಳೆಯದಾಗಿತ್ತು. ಅದನ್ನು ಬದಲಿಸುವ ಹೊಣೆ ಅವನದು. ಎಲ್ಲವೂ ಸಿದ್ಧ, ಹೊಸದು ಕೇಳಿದ ಕ್ಷಣಕ್ಕೆ ವರದಿ ಕೊಡುತ್ತದೆ ಎಂದು ಯೋಜನೆಯ ದಪ್ಪ ಕಡತವನ್ನು ಮುಂದಿಟ್ಟ. ಒಂದೇ ತೊಡಕು ಉಳಿದಿತ್ತು. ಕಾಡಂಚಿನ ಒಂದು ಉಗ್ರಾಣದಿಂದ ಬರೆದು ಕಳಿಸುವ ಹಾವು ಕಡಿತದ ಔಷಧಿಯ ಬೇಡಿಕೆ ಹಳೆಯ ವರದಿಯಲ್ಲಿ ಯಾವಾಗಲೂ ಹೆಚ್ಚಿರುತ್ತಿತ್ತು. ರೋಗಿಗಳ ಸಂಖ್ಯೆಗೆ ಅದು ತಾಳೆಯಾಗುತ್ತಿರಲಿಲ್ಲ. ಹಳೆಯದರ ತಪ್ಪು ಎಂದು ಬರೆದು ಮುಗಿಸಿದ್ದೇನೆ ಎಂದ.

ಗುರುಗಳು ಕಡತವನ್ನು ಕೈಯಲ್ಲೆತ್ತಿ ತೂಗಿ ನೋಡಿ ನಕ್ಕರು. ಅದನ್ನು ಬಿಚ್ಚದೆ ಕತೆ ಹೇಳಿದರು.

ಒಬ್ಬ ವರ್ತಕ ಯಾತ್ರಿಕರ ದಾರಿಯಲ್ಲಿ ಛತ್ರ ಕಟ್ಟಿಸಿದ್ದ. ಬಂದವರು ಯಾರೂ ಹಸಿದು ಹೋಗಬಾರದು ಎಂಬುದೊಂದೇ ಅವನ ಕಟ್ಟಳೆ. ಬಾಗಿಲಲ್ಲಿ ಒಬ್ಬ ಅಜ್ಜಿ ಕೂರುತ್ತಿದ್ದಳು. ಜನ ಒಳಗೆ ಬಂದಂತೆ ಮಡಕೆಗೆ ಹುಣಸೆಬೀಜ ಹಾಕುತ್ತಿದ್ದಳು. ಹೊತ್ತೇರಿದ ಮೇಲೆ ಮಡಕೆ ಅಡುಗೆಮನೆಗೆ ಹೋಗುತ್ತಿತ್ತು. ಅಡುಗೆಯವನು ಬೀಜ ಎಣಿಸಿ ಅಕ್ಕಿ ಹಾಕುತ್ತಿದ್ದ. ನಲವತ್ತು ವರ್ಷ ಹೀಗೇ ನಡೆಯಿತು.

ಬರಬರುತ್ತಾ ಜನ ಹೆಚ್ಚಾದರು. ಯಾವ ದಿಕ್ಕಿನಿಂದ ಎಷ್ಟು ಮಂದಿ ಬರುತ್ತಾರೆ ಎಂದು ವರ್ತಕ ಕೇಳತೊಡಗಿದ. ಪಾಪ, ಮಡಕೆ ಅದಕ್ಕೇನು ಹೇಳೀತು? ಛತ್ರದ ಪಾರುಪತ್ಯಗಾರ ಹೊಸ ಏರ್ಪಾಡು ಮಾಡಿದ. ಬಾಗಿಲಲ್ಲಿ ಒಬ್ಬ ಕರಣಿಕ ಯಾವ ದಿಕ್ಕಿನಿಂದ ಎಷ್ಟು ತಲೆ ಎಂದು ಎಣಿಸಿ ಬರೆಯಬೇಕು, ಅದು ಗಳಿಗೆಗೊಮ್ಮೆ ಅಡುಗೆಮನೆಯ ಹಲಗೆಯ ಮೇಲೆ ಏರಬೇಕು. ಯಾತ್ರೆಯ ಕಾಲಕ್ಕೆ ಮೊದಲು ಎಲ್ಲ ಮುಗಿಯುತ್ತದೆ ಎಂದು ವರ್ತಕನಿಗೆ ಮಾತು ಕೊಟ್ಟ. ಆದರೆ ಒಂದು ಜಾಣತನ ಮಾಡಿದ. ಒಂದು ತಿಂಗಳು ಹಲಗೆಯೂ ಇರಲಿ, ಮಡಕೆಯೂ ಇರಲಿ ಎಂದ.

ಮೊದಲ ದಿನ ಹಲಗೆಯಲ್ಲಿ ಇನ್ನೂರ ಹತ್ತು, ಮಡಕೆಯಲ್ಲಿ ಇನ್ನೂರ ನಲವತ್ತಾರು. ಮರುದಿನವೂ ಬೀಜವೇ ಹೆಚ್ಚು, ವಾರವಿಡೀ ಹಾಗೇ. ಅಜ್ಜಿಗೆ ಕಣ್ಣು ಮಂಜಾಗಿದೆ ಎಂದು ಕರಣಿಕ ನಕ್ಕ. ಮಡಕೆ ಒಡೆದು ಹಾಕು ಎಂದು ವರ್ತಕ ಹೇಳಿಕಳಿಸಿದ. ಪಾರುಪತ್ಯಗಾರನಿಗೆ ಮನಸ್ಸು ಒಪ್ಪಲಿಲ್ಲ. ಕಣ್ಣು ಮಂಜಾಗಿದ್ದರೆ ಒಮ್ಮೆಯಾದರೂ ಕಡಿಮೆ ಬರಬೇಕಿತ್ತಲ್ಲ? ಅವನು ಹೋಗಿ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅವಳು ಬೀಜ ಹಾಕುವುದನ್ನೇ ನೋಡಿದ.

"ಒಬ್ಬರಿಗೆ ಎರಡು ಬೀಜ ಹಾಕ್ತೀಯಲ್ಲ ಅಜ್ಜಿ, ಯಾಕೆ?"

"ಕಾಲು ನೋಡ್ತೀನಿ ಸ್ವಾಮಿ. ಮೊಣಕಾಲ್ತನಕ ಧೂಳಿದ್ರೆ ದೂರದಿಂದ ನಡೆದೋರು, ಅವ್ರಿಗೆ ಎರಡು. ಬಸುರಿಗೂ ಎರಡು. ಎಷ್ಟು ಅಕ್ಕಿ ಹಾಕ್ಲಿ ಅಂತ ಅಡುಗೆಯೋರು ಕೇಳಿದ್ರು. ಅದಕ್ಕೇ ಹೊಟ್ಟೆ ಎಣಿಸ್ತೀನಿ."

ಪಾರುಪತ್ಯಗಾರ ಅವತ್ತೇ ಹಲಗೆಯಲ್ಲಿ ಇನ್ನೊಂದು ಸಾಲು ಎಳೆಸಿದ. ಒಂದು ಸಾಲಿಗೆ ತಲೆ, ಇನ್ನೊಂದಕ್ಕೆ ಹೊಟ್ಟೆ. ಕರಣಿಕ ಅಜ್ಜಿಯ ಬಳಿ ಕೂತು ಕಾಲು ನೋಡುವುದನ್ನು ಕಲಿತ. ತಿಂಗಳು ಮುಗಿಯುವ ಹೊತ್ತಿಗೆ ಮಡಕೆಗೂ ಹಲಗೆಗೂ ಒಂದು ಬೀಜದ ವ್ಯತ್ಯಾಸವೂ ಉಳಿಯಲಿಲ್ಲ. ಆಮೇಲೆ ಮಡಕೆಯನ್ನು ಎತ್ತಿಟ್ಟರು.

ಯಾತ್ರೆಯ ಕಾಲ ಬಂತು. ಹೊಳೆ ಉಕ್ಕಿ ದೋಣಿ ನಿಂತಿತು. ಜನ ಎರಡು ದಿನ ಸುತ್ತು ಬಳಸಿ ನಡೆದು ಬಂದರು. ತಲೆ ನಾನೂರ ಹನ್ನೆರಡು. ಹೊಟ್ಟೆಯ ಸಾಲು ಗಳಿಗೆಗೊಮ್ಮೆ ಏರುತ್ತಾ ಎಂಟುನೂರರ ಹತ್ತಿರ ಹೋಯಿತು. ಅಡುಗೆಯವನು ಎದೆಗುಂದಲಿಲ್ಲ, ಹಲಗೆ ನೋಡಿ ಒಲೆಯ ಪಕ್ಕ ಒಲೆ ಹೂಡಿದ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಬಡಿಸಿದ್ದನ್ನು ಸಾಕು ಎಂದವರಿದ್ದರು, ಇಲ್ಲ ಎನಿಸಿಕೊಂಡವರು ಒಬ್ಬರೂ ಇರಲಿಲ್ಲ. ಕೊನೆಯ ಎಲೆ ಎತ್ತಿದಾಗ ಇಡೀ ಅಡುಗೆಮನೆ ಕುಣಿದಾಡಿತು. ವರ್ತಕ ತಾನೇ ಬಂದು ಅಜ್ಜಿಯನ್ನು ಮಣೆಯ ಮೇಲೆ ಕೂರಿಸಿ, ಹೆಸರು ಹಿಡಿದು ಕರೆದು, ತುಪ್ಪ ಬಡಿಸಿದ. ನಲವತ್ತು ವರ್ಷದಲ್ಲಿ ಅವಳ ಹೆಸರನ್ನು ಅವನು ಕೇಳಿದ್ದು ಅಂದೇ.

ಇಂದುಧರನ ಮುಖ ಅರಳಿತ್ತು. ಗುರುಗಳು ಕಡತವನ್ನು ಅವನ ಕಡೆಗೆ ಸರಿಸಿದರು.

"ಆ ಕಾಡಂಚಿನ ಉಗ್ರಾಣದಲ್ಲಿ ಕೂತು ಬೇಡಿಕೆ ಬರೆಯುವವರ ಹೆಸರೇನಪ್ಪ?"