ಹುಳಿಯವ್ವನ ಕಲ್ಲುಮನೆ

ಎಣ್ಣೆನಾಡು ಅಂತ ಒಂದು ರಾಜ್ಯ ಇತ್ತಂತೆ. ಅಲ್ಲಿನ ಅಣ್ಣತಮ್ಮಂದಿರು ಕೈಕೈ ಹಿಡಿದುಕೊಂಡು ಸಾಲಾಗಿಯೇ ಹುಟ್ಟೋರು, ಸಾಲಾಗಿಯೇ ಓಡಾಡೋರು. ರಾಜನಿಗೋ ಅವರು ಇಬ್ಬಿಬ್ಬರಾಗಿ, ಮೂವರು ಮೂವರಾಗಿ ಬೇಕು. ಹಾಗೆ ಬಿಡಿಯಾದರೆ ಮಾತ್ರ ಅವರಿಂದ ಹಗ್ಗ, ಕೊಡ, ಚಾಪೆ ಆಗೋದು.

ಪೈಲ್ವಾನ ಬಂದು ಎಳೆದ. ಕೈ ಬಿಡಲಿಲ್ಲ. ಮಂತ್ರಿ ಬಂದು ಬುದ್ಧಿ ಹೇಳಿದ. ಬಿಡಲಿಲ್ಲ. ಕಮ್ಮಾರ ಬಂದು ಬೆಂಕಿ ಕೊಟ್ಟ. ಬಿಟ್ಟರು, ಆದರೆ ಎಲ್ಲೆಂದರಲ್ಲಿ ಹರಿದು ಯಾವ ಕೆಲಸಕ್ಕೂ ಬಾರದಂತಾದರು.

ಆಗ ಹುಳಿಯವ್ವ ಅನ್ನೋ ಮುದುಕಿ ಮುಂದೆ ಬಂದಳು. ಬೆಟ್ಟದ ಬುಡದಲ್ಲಿ ಅವಳದೊಂದು ಕಲ್ಲುಮನೆ. ಜೇನುಗೂಡಿನ ಹಾಗೆ ಕೋಣೆಗೆ ಅಂಟಿ ಕೋಣೆ, ತೆಳ್ಳಗಿದ್ದವರು ನುಸುಳುವಷ್ಟೇ ಬಾಗಿಲು. ಮನೆ ಬಿಸಿಯಾಗಿಟ್ಟು ಸಾಲನ್ನು ಒಳಗೆ ಕಳಿಸಿದರೆ ಸಾಕು ಅಂದಳು. ಕೆಲಸ ನಿಂತ ದಿನ ಮನೆ ಒಡೆಸಿ ಜಲ್ಲಿ ಮಾಡಿಸ್ತೀನಿ ಅಂದ ರಾಜ.

ಅವಳ ಬಳಿ ಇದ್ದದ್ದು ಒಂದೇ ಒಂದು ಹುಳಿಮಣಿ. ಸಾಲಿನ ನಡುವಿನವನ ಅಂಗೈಗೆ ಅದನ್ನಿಟ್ಟಳು. ಹುಳಿಗೆ ಅವನ ಮೈ ಜುಮ್ಮೆಂದು ಹಿಡಿತ ಸಡಿಲವಾಯಿತು, ಸಾಲು ಎರಡಾಯಿತು.

"ಹೋಗ್ತಾ ನನ್ನ ಮಣಿ ಕೊಟ್ಟು ಹೋಗಪ್ಪ. ಇನ್ನೊಬ್ಬರು ಕಾಯ್ತಿದಾರೆ."

ಮಣಿ ವಾಪಸ್ಸು ಬಂತು, ಒಂದಿಷ್ಟೂ ಸವೆದಿರಲಿಲ್ಲ. ಸಾಲಿನ ಮೇಲೆ ಸಾಲು ಬಂತು, ಬಿಡಿಯಾಗಿ ಹೊರಟಿತು.

ಆದರೆ ಮಸಿಯಪ್ಪ ಅನ್ನುವವನೊಬ್ಬ ಕೆಲಸ ಮುಗಿದರೂ ಏಳಲಿಲ್ಲ. ಹೋಗುವವರನ್ನೆಲ್ಲ ಎಳೆದು ತನಗೆ ಅಂಟಿಸಿಕೊಂಡ, ಕಪ್ಪಗೆ ಊದಿಕೊಂಡ, ಬಾಗಿಲಿಗೇ ಅಡ್ಡ ಕೂತ. ಇನ್ನು ಮನೆ ತನ್ನದೇ ಅಂದ. ಹೊರಗೆ ರಾಜನ ಆಳುಗಳು ಸುತ್ತಿಗೆ ಹಿಡಿದು ಬಂದು ನಿಂತರು.

ಹುಳಿಯವ್ವ ಅವನನ್ನು ತಳ್ಳಲಿಲ್ಲ, ಬೈಯಲಿಲ್ಲ. ಹೊಸ ಸಾಲು ಕಳಿಸಬೇಡಿ ಅಂತ ಕೂಗಿ ಹೇಳಿ, ಮುಚ್ಚಿದ್ದ ಕಿಟಕಿ ಪಕ್ಕ ಕೂತಳು.

ಸೆಕೆ ತಡೆಯದೆ ಮಸಿಯಪ್ಪ ಗಾಳಿ ಬಿಡು ಅಂದ. ನಿನಗದು ಆಗಿಬರೋಲ್ಲ ಕಣೋ ಅಂದಳು. ಮತ್ತೆ ಕೇಳಿದ. ಎದ್ದು ಹೋಗು, ಹೊರಗೆ ಬೇಕಾದಷ್ಟು ಗಾಳಿಯಿದೆ ಅಂದಳು. ಮೂರನೇ ಸಲ ಅವನು ಗದರಿದ.

"ಮುದುಕಿ, ಇಲ್ಲಿ ಯಜಮಾನ ಯಾರು? ಕಿಟಕಿ ತೆಗಿ."

"ತೆಗೀತೀನಿ ಯಜಮಾನರೇ. ಕೇಳಿದ್ದು ತಾವೇ."

ತೆಗೆದಳು. ಕಾದ ಮಸಿಗೆ ಗಾಳಿ ತಾಗಿದರೆ ಕೇಳಬೇಕೆ? ಮಸಿಯಪ್ಪ ಕೆಂಡವಾದ, ಹೊಗೆಯಾದ, ಹೊರಟೇ ಹೋದ. ಗೋಡೆಗೆ ಒಂದು ಬಿರುಕಿಲ್ಲ. ಮಣಿ ಅವ್ವನ ಅಂಗೈಯಲ್ಲೇ ಇತ್ತು. "ಮುಂದಿನವರು ಬನ್ನಿ" ಅಂದಳು.

ರಾಜ ಓಡಿ ಬಂದ. ಅಗಲದ ಕಿರೀಟ ಬಾಗಿಲಲ್ಲಿ ಹಿಡಿಸದೆ ಹೊರಗೇ ನಿಂತು ಕೈಮುಗಿದ.

ಈಗಲೂ ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಆ ಕಲ್ಲುಮನೆ ಕೆಲಸ ಮಾಡುತ್ತಲೇ ಇದೆ. ಎಣ್ಣೆಯೊಳಗಿನ ಉದ್ದುದ್ದ ಕಣಸಾಲುಗಳನ್ನು ಬಿಡಿಸಿ ಪ್ಲಾಸ್ಟಿಕ್ಕಿನ ಹಗ್ಗ, ಕೊಡ, ಚಾಪೆಗೆ ಒದಗಿಸೋ ಆ ತೂತುತೂತಿನ ಕಲ್ಲನ್ನು ಓದಿದವರು ಜಿಯೊಲೈಟ್ ಅಂತಾರೆ. ಮಕ್ಕಳೇ, ನೀವು ನೆನಪಿಡಬೇಕಾದ್ದು ಇಷ್ಟೇ: ಬಂದ ಕೆಲಸ ಮುಗಿದ ಮೇಲೆ ಎದ್ದು ಹೋಗಬೇಕು, ಇಸಕೊಂಡದ್ದನ್ನು ಕೊಟ್ಟು ಹೋಗಬೇಕು. ಇನ್ನೊಬ್ಬರ ಬಾಗಿಲಿಗೆ ಅಡ್ಡ ಕೂತವನು ತನ್ನ ಕೇಡನ್ನು ತಾನೇ ಕೂಗಿ ಕರೀತಾನೆ.