ತೇಗದ ಗೂಡಿನಲ್ಲಿ ದೊರೆ

ಗವಿಕೋಟೆಯ ದೊರೆ ಹಿರೇಭೂಪಾಲನಿಗೆ ತನ್ನ ಮಾತು ಕೇಳಿದರೆ ತನಗೇ ಮೈ ಜುಮ್ಮೆನ್ನುತ್ತಿತ್ತು. "ನಾನು ಕಾಲಿಟ್ಟ ಕಡೆ ಇಡೀ ರಾಜ್ಯ ಕಾಲಿಡುತ್ತದೆ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಆಸ್ಥಾನದವರು ತಲೆಯಾಡಿಸಿ ಅರಗಿಸಿಕೊಡುತ್ತಿದ್ದರು.

ಒಂದು ಬೆಳಗ್ಗೆ ಉಪ್ಪರಿಗೆಯ ಮೇಲೆ ನಿಂತಿದ್ದ ದೊರೆಯ ಕಣ್ಣಿಗೆ ಹಿಂದಿನ ಕೇರಿಯ ಸಣ್ಣೀರಜ್ಜಿಯ ಹಿತ್ತಿಲು ಬಿತ್ತು. ಅಜ್ಜಿ ಒಂಟಿ ಜೀವ, ಮೊಟ್ಟೆ ಮಾರಿ ಬದುಕುವವಳು. ಹಿತ್ತಿಲಲ್ಲಿ ಒಂದು ಕೆಂಪು ಹುಂಜ, ಅದರ ಹಿಂದೆ ಒಂದು ಹಿಂಡು ಹೇಂಟೆ. ಹುಂಜದ ಬಾಲ ತನ್ನ ಪೇಟದ ತುರಾಯಿಗಿಂತ ಚೆನ್ನಾಗಿದೆ ಅನ್ನಿಸಿದ್ದೇ ತಡ, ಅಷ್ಟೂ ಕೋಳಿ ಅರಮನೆಗೆ ಬರಲಿ ಎಂದು ಅಪ್ಪಣೆಯಾಯಿತು.

ಅವಕ್ಕಾಗಿ ತೇಗದ ಗೂಡು ಎದ್ದಿತು. ಮೇಲೆ ಹಿತ್ತಾಳೆಯ ಕಳಶ, ಒಳಗೆ ರೇಷ್ಮೆಯ ದಿಂಬು, ಗೋಡೆಯ ತುಂಬ ದೊರೆ ಕೋಳಿಗಳಿಗೆ ಕಾಳು ಹಾಕುತ್ತಿರುವ ಚಿತ್ರ. ಒಳಗೆ ಒಂದು ಸಣ್ಣ ಮದುವೆ ಮಾಡುವಷ್ಟು ಜಾಗವಿತ್ತು. ಬಡಗಿ ಬಾಗಿಲನ್ನು ಮಾತ್ರ ನಾಯಿ ನುಸುಳುವಷ್ಟೇ ಇಟ್ಟಿದ್ದ.

ಕೋಳಿಗಳು ಹಗಲೆಲ್ಲ ಅರಮನೆಯ ಅಕ್ಕಿ ತಿಂದವು. ಸಂಜೆಯಾಗುತ್ತಿದ್ದಂತೆ ಹುಂಜ ಒಮ್ಮೆ ಕತ್ತೆತ್ತಿ ನೋಡಿ ಹೊರಟಿತು. ಹಿಂದೆ ಹೇಂಟೆಗಳು. ಹೆಬ್ಬಾಗಿಲಲ್ಲಿ ಕಾವಲುಗಾರ ಈಟಿ ಅಡ್ಡ ಹಿಡಿದ, ಅವು ಈಟಿಯ ಕೆಳಗಿಂದ ಹೋದವು. ಅಜ್ಜಿಯ ಹಿತ್ತಿಲಿನ ಗೂಡೆಂದರೆ ಮುರಿದ ಗಾಡಿಯ ಹಲಗೆ, ಯಾರೋ ಎಸೆದ ಅರ್ಧ ಬಾಗಿಲು, ಮೇಲೊಂದು ಹರಿದ ಗೋಣಿ. ಎಲ್ಲವನ್ನೂ ಅವಳೇ ಹಗ್ಗದಲ್ಲಿ ಬಿಗಿದು ಕಟ್ಟಿದ್ದಳು. ಕೋಳಿಗಳು ಅದರೊಳಗೆ ಹೋಗಿ ಕಣ್ಣು ಮುಚ್ಚಿದವು.

ಬೆಳಗಾದರೆ ಅಕ್ಕಿಯ ಆಸೆಗೆ ಮತ್ತೆ ಅರಮನೆಗೆ ಬಂದವು, ಮಾರನೆಯ ಸಂಜೆಯೂ ಅದೇ ಕತೆ. ಅದರ ಮಾರನೆಯ ಸಂಜೆ ಸೇನಾಪತಿ ಖುದ್ದಾಗಿ ದಂಡು ನಿಲ್ಲಿಸಿದ. ಕೋಳಿಗಳು ಗೋಡೆ ಹಾರಿದವು.

ಹಿಡಿದು ಗೂಡಿಗೆ ತುಂಬಿ ಅಗುಳಿ ಹಾಕೋಣ ಎಂದು ಯಾರೋ ಅಂದರು. ದೊರೆಗೆ ಅವಮಾನವಾಯಿತು. ತನ್ನ ಪ್ರಜೆಗಳನ್ನು ಕತ್ತು ಹಿಡಿದು ದಬ್ಬುವುದುಂಟೆ, ತಾವಾಗಿಯೇ ಬರಬೇಕು. ಬರುತ್ತಿಲ್ಲವೆಂದರೆ ಮುದುಕಿ ಮಾಟ ಮಾಡಿದ್ದಾಳೆ. ನಾಳೆ ಕತ್ತಲಾಗುವುದರೊಳಗೆ ಕೋಳಿಗಳು ತೇಗದ ಗೂಡು ಸೇರದಿದ್ದರೆ, ಮುದುಕಿಯ ಗೂಡನ್ನೂ ಗುಡಿಸಲನ್ನೂ ಸುಟ್ಟು ಅವಳನ್ನು ಊರಾಚೆ ಅಟ್ಟಬೇಕು ಎಂದು ಡಂಗುರ ಸಾರಿಸಿದ.

ಅಜ್ಜಿ ಬಂದು ಬಿದ್ದದ್ದು ಆಸ್ಥಾನದ ವಿದೂಷಕ ಜಟ್ಟಿಂಗರಾಯನ ಮನೆ ಬಾಗಿಲಿಗೆ. ಹೆಸರಿಗೆ ಜಟ್ಟಿ, ಗಾಳಿ ಜೋರಾದರೆ ಕಂಬ ಹಿಡಿದುಕೊಳ್ಳುವ ಆಳು. ನಾಲಿಗೆ ಮಾತ್ರ ಗಟ್ಟಿ.

"ನಾನ್ ಕರೆಯಾಕಿಲ್ಲ ಬುದ್ಧಿ, ಕತ್ಲಾಯ್ತಿದ್ದಂಗೆ ಅವೇ ಬಂದ್ಬುಡ್ತವೆ" ಅಂದಳು ಅಜ್ಜಿ. "ಈ ವಯಸ್ನಾಗೆ ನಾನೆಲ್ಲಿಗೋಗ್ಲಿ?"

ಜಟ್ಟಿಂಗರಾಯನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವನು ಬಹಳ ವಿನಯವಾಗಿ ಮಾತಾಡುತ್ತಿದ್ದ.

"ಮಹಾಸ್ವಾಮಿ, ತಪ್ಪು ಕೋಳಿಗಳದಲ್ಲ" ಎಂದು ಮರುದಿನ ಸಭೆಯಲ್ಲಿ ಕೈ ಮುಗಿದ. "ತಾವು ಕಾಲಿಟ್ಟ ಕಡೆ ಇಡೀ ರಾಜ್ಯ ಕಾಲಿಡುತ್ತದೆ. ಆದರೆ ಆ ಗೂಡಿಗೆ ತಾವಿನ್ನೂ ಕಾಲಿಟ್ಟಿಲ್ಲವಲ್ಲ, ಅವಕ್ಕೆ ಹೇಗೆ ಗೊತ್ತಾಗಬೇಕು?"

ದೊರೆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ತಪ್ಪೇನೂ ಕಾಣಲಿಲ್ಲ, ಅದು ಅವನದೇ ಮಾತಾಗಿತ್ತು.

ಸಂಜೆ ದೊರೆ ಕಿರೀಟ ತೆಗೆದು ಜಟ್ಟಿಂಗರಾಯನ ಕೈಗೆ ಕೊಟ್ಟು, ಮೊಣಕಾಲೂರಿ ಗೂಡಿನೊಳಗೆ ತೆವಳಿದ. ದೊರೆ ಹೋದ ಮೇಲೆ ಹೊರಗೆ ನಿಂತರೆ ಚೆನ್ನಾಗಿರುತ್ತದೆಯೇ? ಮಂತ್ರಿ ತೆವಳಿದ. ಅವನ ಹಿಂದೆ ಕೋಶಾಧಿಕಾರಿ, ರಾಜವೈದ್ಯ, ಆಸ್ಥಾನಕವಿ. ಕವಿ ಒಳಗೆ ಹೋದವನೇ ಗೂಡಿನ ಮೇಲೆ ಪದ್ಯ ಶುರುಮಾಡಿದ, ಕತ್ತಲಲ್ಲಿ ಯಾರೋ ಚಿವುಟಿದರು. ಕೊನೆಗೆ ಬಂದ ಸೇನಾಪತಿಯ ಹೊಟ್ಟೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅರ್ಧ ಸೇನಾಪತಿ ಒಳಗೆ, ಅರ್ಧ ಹೊರಗೆ.

ಕೋಳಿಗಳು ಕತ್ತು ಓರೆ ಮಾಡಿಕೊಂಡು ಇದನ್ನೆಲ್ಲ ನೋಡಿದವು. ಹುಂಜ ಸೇನಾಪತಿಯ ಹೊರಗುಳಿದ ಭಾಗದ ಮೇಲೆ ಹತ್ತಿ, ರೆಕ್ಕೆ ಬಡಿದು, ಇಳಿದು ಮನೆಯ ದಾರಿ ಹಿಡಿಯಿತು. ಹಿಂದೆ ಹೇಂಟೆಗಳು.

ಕತ್ತಲಾಯಿತು. ಅಷ್ಟು ಜಾಗವಿದ್ದರೂ ಪಕ್ಕ ಬಿಡದ ಮಂತ್ರಿಯ ಮೊಣಕೈ ದೊರೆಯ ಪಕ್ಕೆಗೆ ಒತ್ತುತ್ತಿತ್ತು, ರಾಜವೈದ್ಯ ಗೊರಕೆ ಹೊಡೆಯತೊಡಗಿದ.

"ಜಟ್ಟಿಂಗರಾಯ, ಬಡಗಿಯನ್ನು ಕರೆಸಯ್ಯ" ಎಂದು ಒಳಗಿಂದ ದನಿ ಬಂತು. "ನಾನು ಮನೆಗೆ ಹೋಗಬೇಕು."

"ತೇಗದ ಗೂಡು, ರೇಷ್ಮೆಯ ದಿಂಬು. ಇನ್ನೇನು ಕಡಿಮೆಯಾಯಿತು ಪ್ರಭು?"

"ಏನಾದರೂ ಇರಲಿ. ಕತ್ತಲಾದ ಮೇಲೆ ನನಗೆ ನನ್ನ ಮನೆಯೇ ಬೇಕು. ಇಲ್ಲಿ ಕಣ್ಣು ಹತ್ತುವುದಿಲ್ಲ."

ಜಟ್ಟಿಂಗರಾಯ ಲಾಂದ್ರವನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟ. "ಹಾಗಾದರೆ ಮಾಟವೇ ಸರಿ, ಮಹಾಸ್ವಾಮಿ. ಕೋಳಿಗಳಿಗೆ ಅಂಟಿದ್ದು ತಮಗೂ ಅಂಟಿದೆ. ತಮ್ಮನ್ನು ಹೀಗೆ ಎಳೆಯುತ್ತಿರುವ ಮನೆ ಯಾವುದು ಅಂತ ಅಪ್ಪಣೆಯಾಗಲಿ. ಹೇಗೂ ಬೆಂಕಿ ಸಿದ್ಧವಾಗಿದೆ, ಅಜ್ಜಿಯ ಗುಡಿಸಲಿನ ಜೊತೆಗೆ ಅದನ್ನೂ ಸುಡಿಸಿಬಿಡುತ್ತೇನೆ."

ಗೂಡಿನೊಳಗೆ ದೊರೆ ನಗತೊಡಗಿದ. ದೊರೆ ನಕ್ಕನೆಂದು ಮಂತ್ರಿ ನಕ್ಕ, ಮಂತ್ರಿ ನಕ್ಕನೆಂದು ಉಳಿದವರೂ ನಕ್ಕರು. ಆ ನಗುವಿನ ಕುಲುಕಾಟಕ್ಕೆ ಸೇನಾಪತಿ ಬಿರಡೆ ಕಿತ್ತ ಹಾಗೆ ಹೊರಗೆ ಬಿದ್ದ.

ದೊರೆ ಮೈಯೆಲ್ಲ ಧೂಳಾಗಿ ಹೊರಬಂದು, ಮೊದಲು ಅಜ್ಜಿಯ ಮನೆಗೆ ಆಳು ಕಳಿಸಿ ಹೆದರಬೇಡ ಎಂದು ಹೇಳಿಸಿದ. ಆಮೇಲೆ ತನ್ನ ಕೊರಳ ಹಾರ ತೆಗೆದು ಜಟ್ಟಿಂಗರಾಯನಿಗೆ ಹಾಕಿದ. ತೇಗದ ಗೂಡು ಬಹುಮಾನವಾಗಿ ಅಜ್ಜಿಯ ಹಿತ್ತಿಲು ಸೇರಿತು. ಅದರಲ್ಲಿ ಅವಳು ಸೌದೆ ತುಂಬಿಟ್ಟಳು.